ನೇರಳೆ ಚುಕ್ಕೆ

ಎಂಟು ದಿನ ಬೆಳಗಾವಿಯಲ್ಲಿದ್ದು ಸ್ನೇಹಲ್ ಕೆಲಸಕ್ಕೆ ಮರಳಿದಾಗ ಮೇಜಿನ ಮೇಲೆ ಇಪ್ಪತ್ತು ಸರ್ಕ್ಯೂಟ್ ಬೋರ್ಡುಗಳು ಸಾಲಾಗಿ ಕೂತಿದ್ದವು. ಎಲ್ಲದರ ಮೇಲೂ ಒಂದೊಂದು ನೇರಳೆ ಚುಕ್ಕೆ.

ಅವಳು ಬ್ಯಾಗನ್ನೂ ಇಳಿಸದೆ ಒಂದನ್ನೆತ್ತಿ ನೋಡಿದಳು.

ಸದಾಶಿವ ಪೇಠದ ಈ ಒಂದೇ ಕೋಣೆಯ ವರ್ಕ್‌ಶಾಪಿನಲ್ಲಿ ಮಾಂತು ಪವರ್ ಸಪ್ಲೈ ಮಾಡುತ್ತಾನೆ. ರೆಗ್ಯುಲೇಟರಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಬೇಕಾದ ವೋಲ್ಟೇಜಿಗೆ ಅವನು ಹೊಂದಿಸಿದರೆ, ಸ್ನೇಹಲ್ ಮೀಟರ್ ಹಿಡಿದು ಇನ್ನೊಮ್ಮೆ ನೋಡುತ್ತಾಳೆ. ಸರಿಯಿದ್ದರೆ ಸ್ಕ್ರೂ ಅಲುಗದಂತೆ ಒಂದು ತೊಟ್ಟು ನೇಲ್ ಪಾಲಿಶ್. ಮೂರು ವರ್ಷದಿಂದ ಅವಳದೇ ಬಾಟಲಿ, ಅವಳದೇ ಕೆಂಪು.

ನೇರಳೆ ಉಗುರು ಯಾರದೆಂದು ಅವಳಿಗೆ ಗೊತ್ತಿತ್ತು. ಖರಾಡಿಯ ಕಂಪನಿಯಿಂದ ಬೋರ್ಡ್ ಒಯ್ಯಲು ಬರುವ ವರದಾ. ಅವಳು ಬಂದರೆ ಮಾಂತು ಕೇಳದೆಯೇ ಚಹಾ ತರಿಸುತ್ತಾನೆ.

ಊರಲ್ಲಿ ಹುಬ್ಬಳ್ಳಿಯ ಹುಡುಗ ಸ್ನೇಹಲಳನ್ನು ನೋಡಿ ಒಪ್ಪಿ ಹೋಗಿದ್ದ. ಇವತ್ತು ಮಧ್ಯಾಹ್ನದೊಳಗೆ ಇವಳು ಉತ್ತರ ಹೇಳಬೇಕಿತ್ತು. ಮಾಂತುವಿನ ಮುಖ ನೋಡಿ ಹೇಳೋಣವೆಂದು ಬಂದಿದ್ದಳು. ಈಗ ಆ ಮುಖ ನೋಡಲೂ ಮನಸ್ಸಿರಲಿಲ್ಲ.

"ಹೊಸಾ ರೆಗ್ಯುಲೇಟರ್ ಭಾಳ ಚೊಲೋ ಅದಾವ್ರಿ," ಎಂದ ಮಾಂತು, ಕೈಯಲ್ಲಿದ್ದ ಬೋರ್ಡಿನಿಂದ ತಲೆಯೆತ್ತದೆ. "ಬ್ಯಾಟರಿ ಇಳದು, ತಾವು ಕೊಡೂ ವೋಲ್ಟೇಜಿಗಿಂತ ಚೂರೇ ಹೆಚ್ಚು ಉಳದ್ರೂ ಬಿಡದ ಹಿಡದು ನಿಲ್ಲತಾವ."

"ಎಲ್ಲಾರೂ ಹಂಗ ಇರೂದಿಲ್ರಿ. ಎಂಟ ದಿನಾ ಸಿಗಲಿಲ್ಲಂದ್ರ ಕೆಲವ್ರಿಗೆ ಬ್ಯಾರೆ ಬಣ್ಣಾ ಬೇಕಾಗ್ತದ."

ಅವನು ಈಗ ತಲೆಯೆತ್ತಿದ. "ಅದು ವರದಾ ಅವರ ಬಾಟ್ಲಿದು. ಇಸ್ಕೊಂಡಿದ್ದೆ."

"ಡ್ರಾವರಿನಾಗ ನಂದಿತ್ತಲ್ರಿ. ಒಣಗಿತ್ತೇನು?"

"ಇಲ್ಲ."

"ಮತ್ತ?"

"ನೀವು ನೋಡದ ಬೋರ್ಡಿಗೆ ನಿಮ್ಮ ಬಣ್ಣಾ ಹೆಂಗ ಹಚ್ಚಲಿ?"

ಸ್ನೇಹಲ್ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

"ಸ್ಕ್ರೂ ಅಲುಗಬಾರದಂತ ಅಷ್ಟ ಹಚ್ಚೀನಿ. ಕೆಂಪ ಚುಕ್ಕಿ ಬೀಳೂತನಕ ಒಯ್ಯಬ್ಯಾಡ್ರಿ ಅಂತ ಅವರಿಗೂ ಹೇಳೀನಿ. ಭಾಳ ನಕ್ರು."

"ನಗೂದೇನಿತ್ತು ಅದ್ರಾಗ?"

"ಅವರಿಗೆ ತಿಳೀತು. ನಿಮಗ ತಿಳೀಲಿಲ್ಲ." ಅವನ ಕಿವಿ ಕೆಂಪಾಗಿತ್ತು. ಕೈಗೆ ಕೆಲಸ ಬೇಕೆಂಬಂತೆ, ಮೀಟರಿಗೆ ಜೋಡಿಸಿದ್ದ ಬೋರ್ಡಿನ ಸ್ಕ್ರೂಗೆ ಮತ್ತೆ ಸ್ಕ್ರೂಡ್ರೈವರ್ ಹಿಡಿದ.

ಅಷ್ಟರಲ್ಲಿ ಫೋನು. ಸೋದರತ್ತೆ ಅನುಸೂಯಾ.

"ಏನವಾ, ಹುಬ್ಬಳ್ಳಿಯವ್ರಿಗೆ ಏನಂತ ಹೇಳ್ಲಿ?"

"ಬ್ಯಾಡ ಅನ್ರಿ, ಅತ್ತಿ. ಇಲ್ಲೊಬ್ರು ಅದಾರ."

ಮಾಂತುವಿನ ಕೈ ಸ್ಕ್ರೂ ತಿರುಗಿಸುತ್ತಲೇ ಹೋಯಿತು. ಮೀಟರಿನಲ್ಲಿ, ನಿಲ್ಲಬೇಕಿದ್ದ ಮೂರು ವೋಲ್ಟ್ ದಾಟಿ, ನಾಲ್ಕು ದಾಟಿ, ಐದು.

"ಯಾರವಾ ಅಂವಾ? ಏನ ಮಾಡ್ತಾನ?"

"ಸದ್ಯಕ್ಕ ಬೋರ್ಡ್ ಸುಡಾಕ ಹತ್ಯಾರ್ರಿ," ಎನ್ನುತ್ತ ಸ್ನೇಹಲ್ ಅವನ ಕೈಯ ಮೇಲೆ ಕೈಯಿಟ್ಟು, ಮೆಲ್ಲಗೆ ಹಿಂದಕ್ಕೆ ತಿರುಗಿಸಿದಳು.