ನಕ್ಷೆಯ ಮೇಲಿನ ಬಿಳಿ ಚುಕ್ಕೆಗಳು

ರೋಗ ನಿಗಾ ಕಚೇರಿಯ ನಕ್ಷೆಕಾರ ಗೋಡೆಯ ನಕ್ಷೆಯ ಕೆಳಗೆ ಸತ್ತು ಬಿದ್ದಿದ್ದ. ತಲೆಯ ಹಿಂಭಾಗ ಒಡೆದು ಹೋಗಿತ್ತು. ನಕ್ಷೆಗೆಲ್ಲ ರಕ್ತ ಸಿಡಿದಿತ್ತು. ಬಲ ಹೆಬ್ಬೆರಳಲ್ಲಿ ದರ್ಜಿಗಳು ಸೂಜಿ ಚುಚ್ಚದಂತೆ ತೊಡುವ ಲೋಹದ ಅಂಗುಸ್ತಾನ ಹಾಗೇ ಇತ್ತು. ಆ ಗಟ್ಟಿ ಹಲಗೆಗೆ ಅದಿಲ್ಲದೆ ಪಿನ್ನು ಚುಚ್ಚಲಾಗದು. ವಾಂತಿಭೇದಿ ಬಂದ ಮನೆಗೊಂದು ಪಿನ್ನು: ಕಳೆದ ವಾರದ್ದು ಹಳದಿ, ಈ ವಾರದ್ದು ಕೆಂಪು.

ಪಿನ್ನುಗಳೆಲ್ಲ ಐಸ್ ಫ್ಯಾಕ್ಟರಿಯ ಸುತ್ತ ಮುತ್ತಿದ್ದವು. ಐಸಿನ ಮಾದರಿ ಪರೀಕ್ಷೆಗೆ ಒಯ್ದಿದ್ದಕ್ಕೆ ಅದರ ಮಾಲೀಕ ಹಿಂದಿನ ದಿನವಷ್ಟೇ ಬಂದು, ಕೈಕಾಲು ಮುರಿಯುತ್ತೇನೆಂದು ಕೂಗಾಡಿದ್ದ. ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಯಿತು. ಲಾಕಪ್ಪಿನಲ್ಲಿ ಮಾಲೀಕನ ಎರಡು ಹಲ್ಲು ಉದುರಿದವು.

ಕಚೇರಿಯ ಅಂಕಿಅಂಶ ತಜ್ಞೆ ನನ್ನ ಸೋದರತ್ತೆ. ಪೊಲೀಸರ ತಲೆಗೆ ಹೊಳೆಯದ್ದನ್ನು ಬಿಡಿಸುವುದು ಅವರ ಚಟ, ಚೀಲ ಹೊರುವುದು ನನ್ನ ಹಣೆಬರಹ. ಅವರು ನಕ್ಷೆಗೆ ಮೂಗು ತಾಗಿಸಿ ನಿಂತು, ಬಂದ ನೆಂಟರಿಗೆ ಚಹಾ ಕೊಡು ಎಂದರು. ಸತ್ತವನ ಭಾಮೈದ, ನೀರು ಸರಬರಾಜಿನ ಎಂಜಿನಿಯರ್, ಅಳುತ್ತಲೇ ಹೆಬ್ಬೆರಳು ತಾಗಿಸದೆ ಲೋಟ ಹಿಡಿದ. ಬಿಸಿ ಇರಬೇಕು ಎಂದುಕೊಂಡೆ.

ಸಂಜೆ ಅತ್ತೆ ಎಲ್ಲರನ್ನೂ ಅಲ್ಲೇ ಸೇರಿಸಿದರು.

"ರೋಗ ಒಂದು ಕಡೆ ಹುಟ್ಟಿ ಸುತ್ತ ಹರಡುತ್ತೆ. ಹಳದಿ ನಡುವೆ, ಕೆಂಪು ಹೊರಗೆ ಇರ್ಬೇಕು. ಜಾಗ, ವಾರ ಎರಡೂ ಹೊಂದ್ಬೇಕು. ಇಲ್ಲಿ ಬಣ್ಣ ಕಲಸುಮೇಲೋಗರ. ಯಾರೋ ಗಾಬರೀಲಿ ಚುಚ್ಚಿದ್ದು."

ಆಮೇಲೆ ನೀರಿನ ಟ್ಯಾಂಕಿನ ಸುತ್ತ ಬೆರಳಾಡಿಸಿದರು. ರಕ್ತದ ನಡುವೆ ಪಿನ್ನಿನ ತಲೆಯಗಲದ ಬಿಳಿ ಚುಕ್ಕೆಗಳು, ಒಂದೊಂದರಲ್ಲೂ ತೂತು. ಏಟು ಬಿದ್ದಾಗ ಪಿನ್ನುಗಳು ಅಲ್ಲಿದ್ದವು. ರಕ್ತ ಅವುಗಳ ತಲೆಯ ಮೇಲೆ ಬಿತ್ತು. ಕೊಲೆಗಾರ ಆಮೇಲೆ ಕಿತ್ತು ಫ್ಯಾಕ್ಟರಿಯ ಸುತ್ತ ನೆಟ್ಟಿದ್ದ.

"ಅಂಗುಸ್ತಾನ ಹೆಣದ ಬೆರಳಲ್ಲೇ ಉಳೀತು. ಕೊಂದವನು ಬರಿಗೈಲಿ ಚುಚ್ಚಿದ. ಎಂಜಿನಿಯರೇ, ಹೆಬ್ಬೆರಳು ತೋರ್ಸಿ."

ಅವನು ಕೈ ಜೇಬಿಗಿಳಿಸಿದ. ಇನ್‌ಸ್ಪೆಕ್ಟರ್ ತಿರುಚಿ ಎಳೆದರು; ಬೆರಳು ಊದಿ ಕಪ್ಪಾಗಿತ್ತು. ಕೊನೆಗೆ ಒಪ್ಪಿಕೊಂಡ. ಟ್ಯಾಂಕಿಗೆ ಕ್ಲೋರಿನ್ ಹಾಕದೆಯೇ ಹಾಕಿದೆನೆಂದು ಹೇಳುತ್ತ ಬಂದಿದ್ದನಂತೆ. ಭಾವ ನಕ್ಷೆ ತೋರಿಸಿ ಮೇಲಿನವರಿಗೆ ತಿಳಿಸುವೆನೆಂದಾಗ ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯಿಂದ ಬಡಿದಿದ್ದ.

ಸತ್ತವನ ಹೆಂಡತಿ ಮೂಲೆಯಿಂದೆದ್ದು ತಮ್ಮನ ಮುಂದೆ ನಿಂತಳು.

"ನನ್ನ ಮಗ ಆಸ್ಪತ್ರೇಲಿದಾನೆ. ಅವನ ಪಿನ್ನೂ ಕಿತ್ತು ಚುಚ್ಚಿದ್ಯೇನೋ?"



ಎಂಜಿನಿಯರನ ಜೀಪಿನಲ್ಲಿ ಕೀಲಿ ಸಿಕ್ಕಿತು. ಸಾಕ್ಷಿಯೆಂದು ಇನ್‌ಸ್ಪೆಕ್ಟರ್ ಚೀಲಕ್ಕೆ ಹಾಕಹೋದಾಗ ಅತ್ತೆ ತಡೆದರು. ಟ್ಯಾಂಕು ಇನ್ನೂ ಊರಿಗೆ ನೀರು ಬಿಡುತ್ತಿತ್ತು. ಅದನ್ನು ಮುಚ್ಚಲು ಬೇರೆ ಕೀಲಿ ಇರಲಿಲ್ಲ.

ಇನ್‌ಸ್ಪೆಕ್ಟರೇ ಟ್ಯಾಂಕಿನ ಬುಡದಲ್ಲಿ ಟಾರ್ಚ್ ಹಿಡಿದರು. ಕೀಲಿಯ ತುದಿಗೆ ನಕ್ಷೆಕಾರನ ನರೆಗೂದಲು ಅಂಟಿತ್ತು. ನಾನು ಕರವಸ್ತ್ರ ಸುತ್ತಿ ಹಿಡಿದು ವಾಲ್ವು ತಿರುಗಿಸಿದೆ. ನೀರು ನಿಂತಿತು.