ತಡೆ ತೆಗೆದ ಕೋವಿ

“ಅದರ ಟ್ರಿಗರಿಗೆ ಮಾತ್ರ ಕೈ ಹಾಕ್ಬೇಡಿ ಮಾರಾಯ್ರೆ,” ಎಂದಳು ದುಗ್ಗಮ್ಮ. ಅಳಿಯನ ಎದುರು ನಿಂತು ಮಾತಾಡುವ ಹೆಂಗಸಲ್ಲ ಅವಳು. ಆದರೂ ಬೂದಿ ಮೆತ್ತಿದ ಕೈಯಲ್ಲೇ ಒಲೆಯ ಬುಡದಿಂದ ಎದ್ದು ಬಂದಿದ್ದಳು.

ಅಚ್ಚುತ ತಲೆ ಎತ್ತಲಿಲ್ಲ. ಮಿಲಿಟ್ರಿಯಲ್ಲಿ ಬಂದೂಕು ರಿಪೇರಿ ಮಾಡಿ ಬಂದವನು. ಹುಟ್ಟೂರು ಬೆಟ್ಟಂಪಾಡಿ ಬಿಟ್ಟು, ಗುತ್ತಿಗಾರಿನ ಈ ಹೆಂಡತಿ ಮನೆಗೆ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ. ತೀರಿಹೋದ ಮಾವ ಬೋಜಪ್ಪನ ಹಳೆಯ ಬೋಲ್ಟ್ ಕೋವಿಯನ್ನು ಜಗಲಿಯ ಚಾಪೆಯ ಮೇಲೆ ಬಿಚ್ಚಿ ಹಾಕಿದ್ದ. ಸೀಮೆಎಣ್ಣೆಯ ಘಾಟು. ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಸುಟ್ಟ ಕೂದಲಿನದ್ದು. ಎಷ್ಟು ಒರೆಸಿದರೂ ಅದು ಹೋಗುತ್ತಿರಲಿಲ್ಲ.

ಆ ಕೋವಿಯ ಟ್ರಿಗರ್ ಎಳೆದರೆ ಮೊದಲು ಸಡಿಲವಾಗಿ ಹಿಂದೆ ಬರುತ್ತಿತ್ತು. ಅರ್ಧದಲ್ಲಿ ಗಟ್ಟಿಯಾಗಿ ನಿಲ್ಲುತ್ತಿತ್ತು. ಮತ್ತೂ ಒತ್ತಿದರೆ ಮಾತ್ರ ಈಡು ಹಾರುತ್ತಿತ್ತು. ನಡುವಿನ ಆ ನಿಲುಗಡೆಗೆ ಮನೆಯವರು ತಡೆ ಎನ್ನುತ್ತಿದ್ದರು.

“ತಡೆಯಲ್ಲಿ ಬೆರಳು ನಿಲ್ಲಿಸಿ ‘ನಮ್ಮವರಾ?’ ಅಂತ ಕೇಳ್ಬೇಕು. ಕೇಳಿ ಒಂದು ಉಸಿರು ಕಾಯ್ಬೇಕು.”

“ಹಂದಿ ಎಂತ ಹೇಳ್ತದೆ ಅತ್ತೆ? ‘ಅಲ್ಲ, ನಾನು ಪರರ ಪೈಕಿ’ ಅಂತವಾ?”

ಒಳಗೆ ಹೆಂಡತಿ ಪೂವಮ್ಮ ಕಿಸಕ್ಕನೆ ನಕ್ಕಳು. ದುಗ್ಗಮ್ಮ ನಗಲಿಲ್ಲ. ಬೋಜಪ್ಪನ ಅಪ್ಪ ಇದೇ ಕೋವಿಯಲ್ಲಿ ಕಡವೆಯೆಂದು ಹೊಡೆದದ್ದು ಜೇನು ಕೀಳುತ್ತಿದ್ದ ಒಬ್ಬ ಹುಡುಗನನ್ನು. ಹುಡುಗನ ತಂದೆ ಮಾಟ ಬಲ್ಲವನು. ಮಗನ ಚಿತೆಯ ಬೂದಿಯನ್ನು ಕೋವಿಗೆಲ್ಲ ತಿಕ್ಕಿ, ‘ಇದನ್ನು ಹಿಡಿದವನಿಗೆ ಅವನ ಮನೆಯವರೇ ಮೃಗವಾಗಿ ಕಾಣಲಿ’ ಎಂದನಂತೆ. ಮನೆಯವರು ಕಾಲಿಗೆ ಬಿದ್ದು ಅತ್ತ ಮೇಲೆ ಅವನು ಸಡಿಲಿಸಿದ್ದು ಇಷ್ಟೇ: ತಡೆಯಲ್ಲಿ ನಿಂತು ಕೇಳಿದರೆ ಕಣ್ಣು ತಿಳಿಯಾಗುತ್ತದೆ. ಅಂದಿನಿಂದ ಕೋವಿ ಕಾಡಿಗೆ ಹೋದರೆ, ಅದು ಮರಳಿ ಗೂಟಕ್ಕೆ ಏರುವವರೆಗೆ ಮನೆಯ ಯಾರೂ ಅಂಗಳ ದಾಟುತ್ತಿರಲಿಲ್ಲ.

“ಆ ತಡೆ ಸಿಪಾಯಿಗಳಿಗೆ ಅತ್ತೆ. ಗಡಿಬಿಡಿಯಲ್ಲಿ ಈಡು ಹಾರಬಾರದು ಅಂತ ಮಾಡಿದ್ದು. ಬೇಟೆಗೆ ಅದೆಂತಕ್ಕೆ?”

ಅವಳು ಒಳಗೆ ಹೋದದ್ದೇ ಪೆಟ್ಟಿಗೆ ತೆರೆದ. ದೊರೆಯೊಬ್ಬನ ಮುರಿದ ಬೇಟೆ ಕೋವಿಯಿಂದ ಬಿಚ್ಚಿ ತಂದಿದ್ದ ಹೊಸ ನಮೂನೆಯ ಟ್ರಿಗರ್ ಅದರಲ್ಲಿತ್ತು. ಅರ ಹಿಡಿದು ಉಜ್ಜಿ ಉಜ್ಜಿ ಕೂರಿಸಿದ. ಖಾಲಿ ಕೋವಿಯಲ್ಲಿ ಎಳೆದು ನೋಡಿದ. ತಡೆಯಿಲ್ಲ. ಬೆರಳು ತಾಗಿದರೆ ಸಾಕು, ಬೆಂಕಿಕಡ್ಡಿ ಮುರಿದ ಹಾಗೆ ಟಿಕ್. ಹಳೆಯದನ್ನು ನಶ್ಯದ ಡಬ್ಬಿಗೆ ಹಾಕಿ ಮಾಡಿನ ಸಂದಿಗೆ ಸಿಕ್ಕಿಸಿದ.

ಮರುದಿನ ಬೆಳಿಗ್ಗೆ, ಗದ್ದೆ ಉತ್ತು ಹಾಕಿದ ಹಂದಿಗಳ ಬೇಟೆ. ಮುಡಿಗೆ ಸುರಗಿ ಮಾಲೆ ಸಿಕ್ಕಿಸಿಕೊಳ್ಳುತ್ತಾ ಪೂವಮ್ಮ ಬಾಗಿಲಿಗೆ ಬಂದಳು.

“ತಡೆ ಉಂಟಲ್ಲ?”

“ಉಂಟು, ಉಂಟು. ನೀನೂ ಸುರು ಮಾಡ್ಬೇಡ.”

ನೆರೆಮನೆಯ ತ್ಯಾಂಪಣ್ಣ ಜನ ಕಟ್ಟಿಕೊಂಡು ಮೇಲಿನ ಗುಡ್ಡದಿಂದ ಹಂದಿ ಎಬ್ಬಿಸುವುದು, ಬಿದಿರ ಮೆಳೆಯ ಬಳಿ ಅಚ್ಚುತ ಕಾಯುವುದು ಎಂದಾಗಿತ್ತು. ಹೊರಗೆ ಬಿಸಿಲೇರಿತ್ತು. ಬಿದಿರಿನೊಳಗೆ ಮಾತ್ರ ಕತ್ತಲು ಹೆಪ್ಪುಗಟ್ಟಿದ ಹಾಗೆ ಕೂತಿತ್ತು. ಕೊಳೆತ ಎಲೆಯ ವಾಸನೆ. ಕಿವಿಯ ಬಳಿ ನುಸಿಗಳ ಗುಂಯ್. ಗುಡ್ಡದ ಮೇಲೆ ಡೋಲಿನ ಸದ್ದು ಹತ್ತಿರವಾಗುತ್ತಾ ಬಂತು. ಆಮೇಲೆ, ಯಾರೋ ಬಾಯಿ ಮುಚ್ಚಿಸಿದಂತೆ ನಿಂತುಹೋಯಿತು. ನುಸಿಗಳೂ ಸುಮ್ಮನಾದವು.

ಬೆನ್ನ ಹಿಂದೆ ತರಗೆಲೆ ಸಿಡಿಯಿತು.

ತಿರುಗಿದ. ಹಂದಿ. ಕರಿ ಬಂಡೆಯಂಥದ್ದು. ಬಂದದ್ದು ಗುಡ್ಡದ ಕಡೆಯಿಂದಲ್ಲ, ಮನೆಯ ಕಾಲುದಾರಿಯಿಂದ. ಹೆದರಿ ಓಡುತ್ತಿರಲಿಲ್ಲ. ಅರಚುತ್ತಾ ನೇರ ಅವನತ್ತಲೇ ಬರುತ್ತಿತ್ತು.

ಕೋವಿ ಹೆಗಲಿಗೇರಿತು. ಗುರಿ ಕೂತಿತು. ಸುಟ್ಟ ಕೂದಲಿನ ವಾಸನೆ ಗಂಟಲಿಗೆ ಇಳಿಯಿತು. ಅದನ್ನು ಸೀಳಿಕೊಂಡು ಇನ್ನೊಂದು ವಾಸನೆ.

ಸುರಗಿ.

ನಿಲ್ಲಬೇಕು. ಕೇಳಬೇಕು. ಬೆರಳು ತಡೆಯನ್ನು ಹುಡುಕಿತು.

ತಡೆ ಇರಲಿಲ್ಲ.

ಈಡು ಹಾರಿತು.

ಹೊಗೆ ಕರಗಿದಾಗ ಬಿದ್ದಿದ್ದದ್ದು ಹಂದಿಯೇ. ಕೋರೆ, ಮುಳ್ಳುಗೂದಲು, ಬಾಯಿಂದ ನೊರೆರಕ್ತ. ಅಚ್ಚುತನಿಗೆ ನಗು ಬಂತು. ಸದ್ದು ಕೇಳಿ ಇಳಿದು ಬಂದ ತ್ಯಾಂಪಣ್ಣನಿಗೆ ಕೈ ತೋರಿಸಿದ.

“ಎಂಥ ಹಂದಿ ನೋಡಿ ಮಾರಾಯ್ರೆ! ನಮ್ಮತ್ತೆ ಸುಮ್ಮನೆ ಹೆದರಿಸಿದ್ದು.”

ತ್ಯಾಂಪಣ್ಣ ತಲೆಯ ಮುಂಡಾಸು ಬಿಚ್ಚಿ ಹಂದಿಯ ಮೇಲೆ ಹೊದೆಸಿದ.

“ಅದನ್ನೆಂತಕ್ಕೆ ಮುಚ್ಚುದು?”

“ನಿಮ್ಮನ್ನು ಕೂಗಿಕೊಂಡು ಬಂದದ್ದು ಗುಡ್ಡದ ಮೇಲೆ ನಮಗೆ ಕೇಳಿತು. ನಿಮಗೆ ಕೇಳ್ಲಿಲ್ವಾ?” ತ್ಯಾಂಪಣ್ಣ ಅಲ್ಲೇ ಕುಕ್ಕರಿಸಿದ. “ಮಾರಾಯ್ರೆ, ಇದು ಪೂವಮ್ಮ.”

ಅಚ್ಚುತ ಮುಂಡಾಸು ಕಿತ್ತೆಸೆದ. ಹಂದಿ. ಕಣ್ಣುಜ್ಜಿಕೊಂಡ. ಹಂದಿ. ಕೈಚಾಚಿ ಮುಂಗಾಲು ಮುಟ್ಟಿದ. ಮುಳ್ಳುಗೂದಲಿನ ಅಡಿಯಲ್ಲಿ ಗಾಜಿನ ಬಳೆಗಳು ಸದ್ದು ಮಾಡಿದವು. ಗೊರಸಿನ ನಡುವೆ ಬಿಗಿಯಾಗಿ ಹಿಡಿದ ನಶ್ಯದ ಡಬ್ಬಿ. ಅಲ್ಲಾಡಿಸಿದರೆ ಒಳಗೆ ಹಳೆಯ ಕಬ್ಬಿಣ ಕಟಕಟ ಎಂದಿತು.

ಅವನು ಅದರ ಕಿವಿಯ ಬಳಿ ಬಾಗಿದ.

“ನಮ್ಮವರಾ?” ಎಂದು ಕೇಳಿದ.

ಒಂದು ಉಸಿರು ಕಾದ. ಇನ್ನೊಂದು ಕಾದ.

ಹಂದಿ ಹಾಗೆಯೇ ಬಿದ್ದಿತ್ತು.