ಜಾಲಿ ಗೋಡೆಯಾಚೆಯ ಮಗ್ಗ

"ಅದಕ್ಕೆ ಕೈ ಹಚ್ಚಬೇಡ್ರಿ!"

ಸ್ವಪ್ನಳ ಕೂಗು ಖಾಲಿ ಕಟ್ಟಡದಲ್ಲೆಲ್ಲ ಮೊಳಗಿತು. ಮಗ್ಗದ ಮೇಲೆ ಬಗ್ಗಿದ್ದ ಯುವಕ ಬೆಚ್ಚಿ ಹಿಂದೆ ಸರಿದ. ಅವನ ಕೈಯಲ್ಲಿ ಸಿನಿಮಾದವರ ನಕಲಿ ಜೇಡರಬಲೆ ಇತ್ತು.

"ಇದು ನಮ್ಮವ್ವನ ಮಗ್ಗ. ಅವಳು ತೀರ್ಕೊಂಡ ದಿನ ಹೆಂಗಿತ್ತೋ ಹಂಗೇ ಐತೆ. ಹಂಗೇ ಇರಬೇಕು!"

"ತಪ್ಪಾಯ್ತು ರೀ," ಎಂದ ಅವನು ಮೆಲ್ಲಗೆ. "ಬಲೆ ಹಾಕಲ್ಲ. ಧೂಳಾದ್ರೂ ಒರೆಸ್ಲಾ?"

ಸಿಟ್ಟಿನಲ್ಲೂ ಅವಳಿಗೆ ಒಂದು ಕಾಣಿಸಿತು. ಅವನ ಚಪ್ಪಲಿ ಹೊಸ್ತಿಲಾಚೆ ಇದ್ದವು. ಮಗ್ಗದ ಕೋಣೆಗೆ ಚಪ್ಪಲಿ ಮೆಟ್ಟಿ ಬರಬಾರದು ಅಂತ ಈ ಸಿನಿಮಾದವನಿಗೆ ಯಾರು ಹೇಳಿಕೊಟ್ಟರು?

ಅವನ ಹೆಸರು ಲೋಹಿತ. ಸೆಟ್ ಹಾಕುವ ಕೆಲಸ.

ಚಳ್ಳಕೆರೆಯ ಆ ಮೂರಂತಸ್ತಿನ ಅಪಾರ್ಟ್‌ಮೆಂಟನ್ನು ಅರವತ್ತರ ದಶಕದಲ್ಲಿ ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರು ಕಟ್ಟಿಸಿದ್ದು. ಸಪಾಟು ತಾರಸಿ, ಮುಂದಕ್ಕೆ ಚಾಚಿದ ಸಜ್ಜಾ, ತೂತು ತೂತಿನ ಸಿಮೆಂಟಿನ ಜಾಲಿ ಗೋಡೆ, ಶಂಖದ ಹಾಗೆ ಸುತ್ತಿಕೊಂಡು ಏರುವ ಮೆಟ್ಟಿಲು... ಆ ಕಾಲಕ್ಕೆ ಊರೇ ನಿಂತು ನೋಡಿತ್ತಂತೆ.

ಮೊಳಕಾಲ್ಮೂರಿನಿಂದ ಸೊಸೆಯಾಗಿ ಇಲ್ಲಿಗೆ ಬಂದ ಸ್ವಪ್ನಳ ಅವ್ವ ಗೀತಮ್ಮ, ನೆಲದಂತಸ್ತಿನ ನುಣುಪು ಮೊಸಾಯಿಕ್ ಒಡೆಸಿ, ನೇಯುವಾಗ ಕಾಲು ಇಳಿಬಿಡಲು ಗುಂಡಿ ತೋಡಿಸಿ, ತವರಿನ ಮಗ್ಗ ಹೂಡಿದ್ದಳು. "ಇಂಥ ಹೊಸ ಫ್ಯಾಷನ್ ಮನೇಲಿ ಗುಂಡಿ ತೋಡ್ತಾರೇನೇ?" ಅಂತ ನೆರೆಯವರು ನಕ್ಕಿದ್ದರು. ಆಮೇಲೆ ಅವಳ ಸೀರೆಗಳಿಗೆ ಅವರೇ ಸಾಲು ನಿಂತಿದ್ದರು.

ಈಗ ಆ ನೆರೆಯವರಿಲ್ಲ; ಸ್ವಪ್ನಳೂ ಚಿಕ್ಕಮ್ಮನ ಮನೆ ಸೇರಿದ್ದಳು. ಮಾಲೀಕರು ಕಟ್ಟಡವನ್ನು ದೆವ್ವದ ಸಿನಿಮಾ ಒಂದಕ್ಕೆ ಬಾಡಿಗೆಗೆ ಬಿಟ್ಟಿದ್ದರು. ಮಗ್ಗದ ಮೇಲೆ, ಅವ್ವ ಮಗಳ ಮದುವೆಗೆಂದು ನೇಯುತ್ತಿದ್ದ ರೇಷ್ಮೆ ಸೀರೆ ಸೆರಗು ಮುಗಿಯದೆ ನಿಂತಿತ್ತು. ಸ್ವಪ್ನಳಿಗೆ ನೇಯಲು ಬರುತ್ತಿರಲಿಲ್ಲ. ಬೇರೆ ಯಾರ ಕೈಗೂ ಕೊಡಲು ಮನಸ್ಸು ಒಪ್ಪುತ್ತಿರಲಿಲ್ಲ.

"ಕೊನೇ ಸೀನ್‌ನಾಗೆ ಮಗ್ಗ ಮುರೀಬೇಕು ಅಂತವ್ರೆ ಕಣವ್ವಾ," ಎಂದ ಮುದಿ ಕಾವಲುಗಾರ ಗಾದ್ರಪ್ಪ.

ಸ್ವಪ್ನ ಮಗ್ಗಕ್ಕೆ ಅಡ್ಡ ನಿಂತಳು. ಲೋಹಿತ ಅವಳತ್ತ ನೋಡಿ ಹೇಳಿದ, "ಮುರಿಯೋಕೆ ಬಿಡಲ್ಲ. ನಾನಿದೀನಿ."

ಅಪರಿಚಿತನ ಆ ಎರಡು ಮಾತನ್ನು ಅವಳೇಕೆ ನಂಬಿದಳೋ...!

ಮರುದಿನ ಮಧ್ಯಾಹ್ನ, ತಾನು ಕೆಲಸಕ್ಕಿದ್ದ ಮೆಡಿಕಲ್ ಶಾಪಿನಿಂದ ಊಟದ ಬಿಡುವಿನಲ್ಲಿ ಬಂದಳು. ರಣಬಿಸಿಲು. ಕಾಗೆಯ ಸದ್ದೂ ಇಲ್ಲ. ಯೂನಿಟ್ಟಿನವರು ಹಿಂದಿನ ಬೇವಿನ ಮರದಡಿ ಊಟಕ್ಕೆ ಕೂತಿದ್ದರು.

ಟಕ್... ಟಕ್... ಟಕ್...

ಜಾಲಿ ಗೋಡೆಯಾಚೆ ಮಗ್ಗ ಆಡುತ್ತಿತ್ತು!

"ನಾನೂ ಕೇಳೀನಿ," ಗಾದ್ರಪ್ಪ ಪಿಸುಗುಟ್ಟಿದ. "ಮಟಮಟ ಮಧ್ಯಾಹ್ನಾನೇ ಅವು ಓಡಾಡೋದು. ನಾನಂತೂ ಆ ಕಡಿಗೆ ತಲೆ ಹಾಕಲ್ಲ."

ಸ್ವಪ್ನ ಜಾಲಿಯೊಳಗೆ ಇಣುಕಲಿಲ್ಲ, ಒಳಗೆ ಹೋಗಲಿಲ್ಲ. ಕಂಡರೆ ಸದ್ದು ನಿಂತುಹೋದೀತೆಂಬ ಭಯ. ಗೋಡೆಗೊರಗಿ ಕೂತು ಮೆಲ್ಲಗೆ ಕೇಳಿದಳು, "ಅವ್ವಾ... ಊಟ ಆಯ್ತಾ?"

ಮಗ್ಗ ಒಂದು ಗಳಿಗೆ ನಿಂತಿತು. ಮತ್ತೆ ಟಕ್... ಟಕ್...

ಆಮೇಲೆ ದಿನಾ ಬಂದಳು. ಅಂಗಡಿಯ ಸುದ್ದಿ, ಚಿಕ್ಕಮ್ಮನ ಮುನಿಸು, ನೆಗಡಿ, ಎಲ್ಲವನ್ನೂ ಗೋಡೆಗೆ ಹೇಳಿದಳು. ಒಂದು ದಿನ ಗೋಡೆಯ ನೆರಳಿನಲ್ಲಿ ಕುರ್ಚಿಯೊಂದು ಕಾದಿತ್ತು. ಇನ್ನೊಂದು ದಿನ ಪಕ್ಕದಲ್ಲಿ ತಣ್ಣೀರಿನ ತಂಬಿಗೆ.

"ನೀನಿಟ್ಯಾ ತಾತಾ?"

"ನಾನಾ? ನನ್ ಕುರ್ಚೀನೇ ನಂಗೆ ಎತ್ತಕ್ಕಾಗಲ್ಲ. ಆ ಲೋಹಿತ ಇಟ್ಟೋದ."

ಒಂದು ಮಧ್ಯಾಹ್ನ ಬೇವಿನ ಮರದಡಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಗ್ಗ ಮಾತ್ರ ಆಡುತ್ತಿತ್ತು. ಸ್ವಪ್ನ ಬಾಯಿಬಿಟ್ಟಳು.

"ಅವ್ವಾ... ಲೋಹಿತ ಅಂತ ಒಬ್ಬ ಇದಾನೆ. ಎದುರಿಗೆ ಬಂದ್ರೆ ನಂಗೆ ಮಾತೇ ಬರಲ್ಲ..."

ಮಗ್ಗದ ಸದ್ದು ಜೋರಾಯಿತು. ಹಬ್ಬಕ್ಕೆ ಮೊದಲು ಸೀರೆ ಮುಗಿಸುವ ಅವಸರದಲ್ಲಿ ಅವ್ವ ನೇಯುತ್ತಿದ್ದ ಹಾಗೆ! ಆಮೇಲೆ ತಟ್ಟನೆ ನಿಂತಿತು.

ಮರುದಿನ ಬಂದಾಗ ಅಂಗಳದ ತುಂಬ ಮುರಿದ ಮಗ್ಗದ ತುಂಡುಗಳು. ಲೋಹಿತನ ಕೈಯಲ್ಲಿ ಕತ್ತರಿ, ಅಂಗಿಯ ತೋಳಿಗೆ ಅಂಟಿದ ರೇಷ್ಮೆ ಎಳೆಗಳು.

"ನಾನಿದೀನಿ ಅಂದ್ರಲ್ಲ!" ಅವಳು ಕೂಗಿದಳು.

"ಸ್ವಪ್ನಾ ಅವರೇ, ಒಂದ್ನಿಮಿಷ ಒಳಗೆ..."

"ನಿಮ್ಮ ಸಿನಿಮಾಕ್ಕೆ ಎಷ್ಟು ದೆವ್ವ ಬೇಕಾದ್ರೂ ಮಾಡ್ಕೋತೀರಿ. ನಂಗಿದ್ದಿದ್ದು ಒಂದೇ... ಅದನ್ನೂ ಓಡಿಸಿಬಿಟ್ರಿ!"

ಅಳುತ್ತ ಗೇಟಿನತ್ತ ಓಡಿದವಳಿಗೆ ಗಾದ್ರಪ್ಪ ಕೋಲು ಅಡ್ಡ ಹಿಡಿದ.

"ಮುರಿದಿರೋದನ್ನ ಕೈಯಾಗೆ ಹಿಡ್ದು ನೋಡಿದ್ಯೇನವ್ವಾ? ಪ್ಲೈವುಡ್ಡು! ನಿಮ್ಮವ್ವನ್ದು ಉಳೀಲಿ ಅಂತ ಆ ಹುಡುಗ ಇನ್ನೊಂದು ಮಾಡವ್ನೆ. ಹೋಗು ಒಳಕ್ಕೆ."

ಕೋಣೆಯಲ್ಲಿ ಅವ್ವನ ಮಗ್ಗ ಇದ್ದಲ್ಲೇ ಇತ್ತು. ಸೀರೆಯನ್ನು ಮಾತ್ರ ಕೊಯ್ದು ತೆಗೆಯಲಾಗಿತ್ತು. ಆದರೆ ಹತ್ತಿರ ಹೋದಾಗ ಕಂಡಿತು... ಕೊಯ್ದ ಎಳೆಗಳ ತುದಿಗಳು ಮಗ್ಗದಲ್ಲೇ ಉಳಿದಿದ್ದವು. ಸಣ್ಣ ಸಣ್ಣ ಜುಟ್ಟಾಗಿ, ಅಕ್ಕರೆಯಿಂದ ಗಂಟು ಹಾಕಿದ್ದರು.

ಸೀರೆ ಮುಗಿದಾಗ ನೇಕಾರರು ಮಗ್ಗವನ್ನು ಬರಿದು ಮಾಡುವುದಿಲ್ಲ. ಮುಂದಿನ ಸೀರೆಯ ಉದ್ದನೆಯ ಎಳೆಗಳನ್ನು ಹಳೆಯ ತುದಿಗಳಿಗೇ ಜೋಡಿಸಬೇಕು. ಅವ್ವ ಹಾಗೆ ಗಂಟು ಹಾಕುವುದನ್ನು ನೋಡುತ್ತಲೇ ಬೆಳೆದವಳು, ಕತ್ತರಿ ಕಂಡೊಡನೆ ಅದನ್ನೇ ಮರೆತಿದ್ದಳು!

ಬಾಗಿಲಲ್ಲಿ ಲೋಹಿತ ಬರಿಗಾಲಲ್ಲಿ ನಿಂತಿದ್ದ. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಸೀರೆ.

"ನಾನೂ ಮೊಳಕಾಲ್ಮೂರಿನ ನೇಕಾರರ ಮಗ. ಅಕಸ್ಮಾತ್ ಮಗ್ಗ ಉಳೀದಿದ್ರೂ ಸೀರೆ ಉಳಿಲಿ ಅಂತ, ಊಟದ ಹೊತ್ತಲ್ಲಿ ದಿನಾ ಒಂಚೂರು ನೇಯ್ತಿದ್ದೆ. ನಿಮ್ಮನ್ನ ಕೇಳಬೇಕಿತ್ತು. ತಪ್ಪು ನಂದೇ."

"ಹಂಗಾದ್ರೆ... ನಾನು ಮಾತಾಡಿದ್ದೆಲ್ಲಾ?"

"ಕೇಳಿಸ್ತಿತ್ತು." ಅವನು ತಲೆ ತಗ್ಗಿಸಿದ. "ಮೊದಲ್ನೇ ದಿನ 'ಅವ್ವಾ, ಊಟ ಆಯ್ತಾ' ಅಂದ್ರಿ. ಇಲ್ಲಿರೋದು ನಾನು ಅಂದಿದ್ರೆ, ನಿಮ್ಮವ್ವನ್ನ ಇನ್ನೊಂದ್ಸಲ ಕಳ್ಕೋತಿದ್ರಿ. ನಂಗೆ ಬಾಯಿ ಬರ್ಲಿಲ್ಲ."

ಸ್ವಪ್ನಳ ಕೆನ್ನೆ ಕಾದವು. "ನಿನ್ನೆ... ನಿನ್ನೆ ಹೇಳಿದ್ದೂ ಕೇಳಿಸ್ತಾ?"

"ನಿನ್ನೆಯಾ? ನಿನ್ನೆ ಇಡೀ ಯೂನಿಟ್ಟು ಶೂಟಿಂಗಿಗೆ ಊರಾಚೆ ಉಳ್ಳಾರ್ತಿ ಕಾವಲ್‌ನಲ್ಲಿ ಇತ್ತಲ್ಲ! ನಾವು ವಾಪಸ್ ಬಂದಿದ್ದು ಹೊತ್ತು ಮುಳುಗಿದ ಮೇಲೆ." ಲೋಹಿತ ಸೀರೆಯತ್ತ ನೋಡಿದ. "ಸೆರಗು ಇನ್ನೂ ಒಂದು ಗೇಣು ಬಾಕಿ ಇತ್ತು. ಇವತ್ತು ನೋಡಿದ್ರೆ ಮುಗಿದಿತ್ತು. ನೀವೇ ಮುಗಿಸಿದ್ರಿ ಅಂದ್ಕೊಂಡು ಕೊಯ್ದು ತೆಗೆದೆ."

"ನಂಗೆ... ನೇಯೋಕೆ ಬರಲ್ಲ ಲೋಹಿತ."

ಇಬ್ಬರೂ ಮಗ್ಗದತ್ತ ತಿರುಗಿದರು. ಆ ಸುಡುಬಿಸಿಲಲ್ಲೂ ಗುಂಡಿಯೊಳಗಿಂದ ತಣ್ಣನೆ ಗಾಳಿಯೊಂದು ಎದ್ದು, ಗಂಟು ಹಾಕಿದ ಎಳೆಗಳನ್ನು ತುಸುವೇ ಅಲುಗಿಸಿ ಹೋಯಿತು.

ಸ್ವಪ್ನಳಿಗೆ ಭಯವಾಗಲಿಲ್ಲ. ಸೀರೆಯನ್ನು ತೆಗೆದುಕೊಂಡು ಎದೆಗವಚಿಕೊಂಡಳು.

"ನಿನ್ನೆ ಅವ್ವಂಗೆ ಏನು ಹೇಳಿದ್ರಿ?" ಲೋಹಿತ ಪಿಸುದನಿಯಲ್ಲಿ ಕೇಳಿದ.

"ನೀನು ಎದುರಿಗೆ ಬಂದ್ರೆ ನಂಗೆ ಮಾತೇ ಬರಲ್ಲ ಅಂತ."

ಅವನ ಕಣ್ಣು ತುಂಬಿದವು. ಜೊತೆಗೇ ನಗುವೂ ಬಂತು. "ಈಗ ಬಂತಲ್ಲ?"

"ಅವ್ವ ಪಕ್ಕದಲ್ಲೇ ಇದಾಳಲ್ಲ," ಎಂದಳು ಸ್ವಪ್ನ. "ಅದಕ್ಕೇ ಧೈರ್ಯ."